ಬ್ರೌಸರ್ ಹಾಕಿದ್ದೇನೆ, ತೆರೆಯುತ್ತಿಲ್ಲ ಅಂದಾಗ ನಾನು ನೋಡುವುದು

ಗೋವಾದ ವಾಸ್ಕೋದಲ್ಲಿ ನನ್ನದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಬರುವವರಲ್ಲಿ ಬಾಗಲಕೋಟೆ, ಗದಗ, ವಿಜಯಪುರ ಕಡೆಯವರೇ ಜಾಸ್ತಿ. ಹುಬ್ಬಳ್ಳಿಗೆ ರೈಲು ಟಿಕೆಟ್, ಪಾನ್ ಕಾರ್ಡ್, ಮಕ್ಕಳ ಸ್ಕಾಲರ್‌ಶಿಪ್, ಊರಿನ ಹೊಲದ ಪಹಣಿ, ಎಲ್ಲವೂ ಬ್ರೌಸರ್‌ನಲ್ಲೇ ಆಗಬೇಕು. ಸ್ಲೀಪರ್ ತತ್ಕಾಲ್ ಬೆಳಿಗ್ಗೆ 11ಕ್ಕೆ ಶುರುವಾಗುತ್ತದೆ. ಆ ಹೊತ್ತಿಗೆ ಬ್ರೌಸರ್ ಕೈಕೊಟ್ಟರೆ ಒಂದು ಮನೆಯವರು ಊರಿಗೆ ಹೋಗುವುದೇ ನಿಲ್ಲುತ್ತದೆ. ಹಾಗಾಗಿ ಇದನ್ನು ನಾನು ಸಣ್ಣ ರಿಪೇರಿ ಅಂತ ನೋಡುವುದಿಲ್ಲ.

ಈಚೆಗೆ ಬಾದಾಮಿ ಕಡೆಯ ಗೌಂಡಿಯೊಬ್ಬರು ಮಗಳಿಗೆಂದು ಕೊಂಡ ಹಳೆಯ ಲ್ಯಾಪ್‌ಟಾಪ್ ತಂದಿದ್ದರು. "ಅಣ್ಣಾ, ತಗದು ತಗದು ಹಾಕೀನ್ರಿ. ಒತ್ತಿದ್ರ ಸ್ವಲ್ಪ ಹೊತ್ತು ತಿರಗತೈತಿ, ಆಮ್ಯಾಲ ಏನೂ ಇಲ್ಲ" ಅಂದರು.

ತೆಗೆದು ಮತ್ತೆ ಹಾಕುವುದು ಎಲ್ಲರೂ ಮೊದಲು ಮಾಡುವ ಕೆಲಸ. ಆದರೆ ಅದರಿಂದ ಸರಿಹೋಗುವುದು ಕಡಿಮೆ. ಕಾರಣ ಇಷ್ಟೇ: ಅನ್‌ಇನ್‌ಸ್ಟಾಲ್ ಮಾಡಿದರೆ ಪ್ರೋಗ್ರಾಂ ಹೋಗುತ್ತದೆ, ಪ್ರೊಫೈಲ್ ಫೋಲ್ಡರ್ ಸಾಮಾನ್ಯವಾಗಿ ಅಲ್ಲೇ ಉಳಿಯುತ್ತದೆ. ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್, ಎಕ್ಸ್‌ಟೆನ್ಷನ್, ಸೆಟ್ಟಿಂಗ್ ಎಲ್ಲಾ ಇರುವುದು ಅದರಲ್ಲೇ. ಹೊಸದಾಗಿ ಹಾಕಿದ ಬ್ರೌಸರ್ ಹೋಗಿ ಅದೇ ಹಳೆಯ ಫೋಲ್ಡರನ್ನು ತೆರೆಯುತ್ತದೆ. ಅದು ಕೆಟ್ಟಿದ್ದರೆ ಹೊಸ ಬ್ರೌಸರೂ ಅಲ್ಲೇ ಮುಗ್ಗರಿಸುತ್ತದೆ, ಅಲ್ವಾ?

ನಾನು ಮೊದಲು ನೋಡುವುದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಪರದೆ ಮೇಲೆ ಏನೂ ಕಾಣದಿದ್ದರೂ ಬ್ರೌಸರ್ ಒಳಗೊಳಗೇ ಓಡುತ್ತಿರಬಹುದು. ಒಂದು ಪ್ರೊಫೈಲನ್ನು ಒಂದು ಸಲಕ್ಕೆ ಒಂದೇ ಬ್ರೌಸರ್ ಹಿಡಿದುಕೊಳ್ಳಬೇಕು, ಅದಕ್ಕೇ ಒಳಗೆ ಬೀಗ ಇರುತ್ತದೆ. ಹಿಂದಿನದು ಸಾಯದೆ ಕೂತಿದ್ದರೆ ಬೀಗ ಬಿಡುವುದಿಲ್ಲ. ಆ ಸಾಲುಗಳನ್ನೆಲ್ಲ ಎಂಡ್ ಟಾಸ್ಕ್ ಮಾಡಿ ಮತ್ತೆ ತೆರೆಯುತ್ತೇನೆ. ತುಂಬಾ ಕೇಸು ಇಲ್ಲೇ ಮುಗಿಯುತ್ತದೆ.

ಈ ಲ್ಯಾಪ್‌ಟಾಪ್‌ನಲ್ಲಿ ಮುಗಿಯಲಿಲ್ಲ. ರೀಸ್ಟಾರ್ಟ್ ಮಾಡಿದರೂ ಅದೇ ಕಥೆ. ಹಾಗಾದಾಗ ಹೊಸ ಪ್ರೊಫೈಲ್ ಮಾಡಿ ನೋಡಬೇಕು. ಫೈರ್‌ಫಾಕ್ಸ್ ಆದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಡಬ್ಬಿಯಲ್ಲಿ ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ಸಣ್ಣ ಅಡ್ಡಗೆರೆ ಮತ್ತು ದೊಡ್ಡ ಪಿ ಹಾಕಿ. ಪ್ರೊಫೈಲ್ ಮ್ಯಾನೇಜರ್ ತೆರೆಯುತ್ತದೆ. ಕ್ರೋಮ್ ಆದರೆ ವಿಂಡೋಸಿನ ಲೋಕಲ್ ಆ್ಯಪ್‌ಡೇಟಾ ಎಂಬ ಫೋಲ್ಡರಿನ ಒಳಗೆ ಗೂಗಲ್, ಕ್ರೋಮ್, ಯೂಸರ್ ಡೇಟಾ ಅಂತ ಹೋಗಿ, ಅಲ್ಲಿರುವ ಡಿಫಾಲ್ಟ್ ಫೋಲ್ಡರಿನ ಹೆಸರು ಬದಲಿಸಿ. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿರುವುದು ಇನ್ನೊಬ್ಬರ ಬದುಕಿನ ಲೆಕ್ಕಪತ್ರ.

ಹೊಸ ಪ್ರೊಫೈಲ್‌ನಲ್ಲಿ ಬ್ರೌಸರ್ ಪಟ್ಟನೆ ತೆರೆಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ಬರೀ ವೈರಿನ ಮೇಲೆ ಓಡುತ್ತಿತ್ತು. ಇಲ್ಲಿಯ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಫೈಲ್ ಬರೆಯುತ್ತಿರುವಾಗಲೇ ಆಫ್ ಆದರೆ ಅದು ಅರ್ಧಕ್ಕೆ ಕೆಡುತ್ತದೆ. ಇದರಲ್ಲೂ ಹಾಗೇ ಆಗಿರಬೇಕು.

ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಫೈರ್‌ಫಾಕ್ಸ್‌ನಲ್ಲಿ ಬುಕ್‌ಮಾರ್ಕ್ ಮತ್ತು ಹಿಸ್ಟರಿ ಎರಡೂ ಪ್ಲೇಸಸ್ ಎಂಬ ಫೈಲಿನಲ್ಲಿರುತ್ತವೆ. ಪಾಸ್‌ವರ್ಡ್ ಇರುವುದು ಲಾಗಿನ್ಸ್ ಮತ್ತು ಕೀ4 ಎಂಬ ಎರಡು ಫೈಲಿನಲ್ಲಿ. ಬ್ರೌಸರ್ ಮುಚ್ಚಿ ಇವನ್ನು ಹಳೆಯ ಫೋಲ್ಡರಿನಿಂದ ಹೊಸದಕ್ಕೆ ಕಾಪಿ ಮಾಡಬೇಕು. ಲಾಗಿನ್ಸ್ ಒಂದನ್ನೇ ತಂದರೆ ಉಪಯೋಗವಿಲ್ಲ, ಬೀಗದ ಕೈ ಕೀ4ನಲ್ಲಿರುತ್ತದೆ. ಪ್ಲೇಸಸ್ ಫೈಲೇ ಕೆಟ್ಟಿದ್ದರೆ ಬುಕ್‌ಮಾರ್ಕ್ ಬ್ಯಾಕಪ್ ಎಂಬ ಫೋಲ್ಡರ್ ಅಲ್ಲೇ ಇರುತ್ತದೆ, ಅದರಿಂದ ವಾಪಸ್ ತರಬಹುದು.

ಕೆಲವು ಸಲ ತೊಂದರೆ ಬೇರೆ ಥರ. ಕಿಟಕಿ ತೆರೆಯುತ್ತದೆ, ಒಳಗೆ ಬರೀ ಬಿಳಿ ಅಥವಾ ಕಪ್ಪು. ಹಳೆಯ ಗ್ರಾಫಿಕ್ಸ್ ಡ್ರೈವರ್ ಇದ್ದಲ್ಲಿ ಇದನ್ನು ಜಾಸ್ತಿ ನೋಡಿದ್ದೇನೆ. ಶಿಫ್ಟ್ ಹಿಡಿದುಕೊಂಡು ಫೈರ್‌ಫಾಕ್ಸ್ ತೆರೆದರೆ ಟ್ರಬಲ್‌ಶೂಟ್ ಮೋಡ್ ಬರುತ್ತದೆ. ಆಗ ಎಕ್ಸ್‌ಟೆನ್ಷನ್‌ಗಳೂ, ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ಒಪ್ಪಿಸುವ ಹಾರ್ಡ್‌ವೇರ್ ಆಕ್ಸಿಲರೇಷನ್ನೂ ಬಂದ್ ಆಗಿರುತ್ತವೆ. ಹಾಗೆ ಸರಿಯಾಗಿ ತೆರೆದರೆ ತೊಂದರೆ ಇವುಗಳಲ್ಲೇ ಎಲ್ಲೋ ಇದೆ ಅಂತ ಗೊತ್ತಾಯಿತು. ಸೆಟ್ಟಿಂಗ್‌ನಲ್ಲಿ ಆಕ್ಸಿಲರೇಷನ್ ಆಫ್ ಮಾಡಿ, ಪುರುಸೊತ್ತಾದಾಗ ಡ್ರೈವರ್ ಅಪ್‌ಡೇಟ್ ಮಾಡಿ. ಬ್ರೌಸರ್ ತೆರೆದರೂ ಪ್ರತಿ ಪುಟಕ್ಕೂ ಸುರಕ್ಷಿತ ಅಲ್ಲ ಅನ್ನುತ್ತಿದ್ದರೆ ಗಡಿಯಾರ ನೋಡಿ. ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಸೈಟಿನ ಸುರಕ್ಷತಾ ಸರ್ಟಿಫಿಕೇಟಿನ ಅವಧಿಗೆ ಅದು ಹೊಂದುವುದಿಲ್ಲ. ಸೆಲ್ ಬದಲಿಸಿ ತಾರೀಖು ಸರಿ ಮಾಡಿದರೆ ಸಾಕು.

ವಿಂಡೋಸ್ 7 ಇರುವ ಯಂತ್ರ ಬಂದರೆ ಮೊದಲೇ ಹೇಳಿಬಿಡುತ್ತೇನೆ. 2023ರಲ್ಲಿ ಬಂದ ಕ್ರೋಮ್ 109 ಅದಕ್ಕೆ ಕೊನೆಯದು. ಫೈರ್‌ಫಾಕ್ಸ್‌ನಲ್ಲಿ 115ರ ಇಎಸ್‌ಆರ್, ಅಂದರೆ ಹೆಚ್ಚು ಕಾಲ ಅಪ್‌ಡೇಟ್ ಕೊಡುವ ಸಾಲು, ಕೊನೆಯದು. ಅದಕ್ಕಿಂತ ಹೊಸದನ್ನು ಎಷ್ಟು ಸಲ ಹಾಕಿದರೂ ನಡೆಯುವುದಿಲ್ಲ. ಇನ್‌ಸ್ಟಾಲರ್ ವಿಷಯವೂ ಅಷ್ಟೇ. ಸೈಟಿನಲ್ಲಿ ಮೊದಲು ಸಿಗುವುದು ಸಣ್ಣ ಫೈಲ್, ಉಳಿದದ್ದನ್ನು ಅದು ನೆಟ್‌ನಿಂದ ಇಳಿಸುತ್ತದೆ. ನೆಟ್ ನಡುವೆ ಕಡಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಾನು ಅಧಿಕೃತ ಸೈಟಿನಿಂದ ಪೂರ್ತಿ ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟಿರುತ್ತೇನೆ.

ಒಂದು ಸಲಹೆಯನ್ನು ಮಾತ್ರ ನಾನು ಒಪ್ಪುವುದೇ ಇಲ್ಲ. ಶಾರ್ಟ್‌ಕಟ್‌ಗೆ ನೋ ಸ್ಯಾಂಡ್‌ಬಾಕ್ಸ್ ಅಂತ ಸೇರಿಸಿದರೆ ಕ್ರೋಮ್ ತೆರೆಯುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ಕೆಲವು ಸಲ ತೆರೆಯುತ್ತದೆ, ನಿಜ. ಆದರೆ ಕೆಟ್ಟ ಪುಟವೊಂದು ಕಂಪ್ಯೂಟರಿನ ಒಳಗೆ ನುಗ್ಗದಂತೆ ತಡೆಯುವ ಗೋಡೆಯೇ ಸ್ಯಾಂಡ್‌ಬಾಕ್ಸ್. ಅದನ್ನು ಕೆಡವಿ, ಅದರಲ್ಲೇ ಬ್ಯಾಂಕ್ ಖಾತೆ ತೆರೆಯಿರಿ ಅಂತ ಗಿರಾಕಿಗೆ ಲ್ಯಾಪ್‌ಟಾಪ್ ಕೊಟ್ಟು ಕಳಿಸಲು ನನ್ನಿಂದ ಆಗುವುದಿಲ್ಲ. ಸಾಮಾನ್ಯವಾಗಿ ಅಲ್ಲಿ ಅಡ್ಡ ಬರುವುದು ಆಂಟಿವೈರಸ್. ಅದನ್ನು ಅಪ್‌ಡೇಟ್ ಮಾಡಿ, ಅದು ತಡೆದವುಗಳ ಪಟ್ಟಿಯಲ್ಲಿ ಬ್ರೌಸರಿನ ಹೆಸರಿದೆಯೇ ನೋಡಿ, ಇದ್ದರೆ ಬಿಡಿಸಿ.