ಮಾಂಗಾ ಬಿಡಿಸಿ, ನಮ್ಮೂರಿನ ಮುಖಗಳಿಂದಲೇ

ಜಪಾನಿನ ಚಿತ್ರಕತೆಯ ಶೈಲಿಯಾದ ಮಾಂಗಾ ಕಲಿಯಲು ಹೊರಟವರು ಸಾಮಾನ್ಯವಾಗಿ ಮೊಬೈಲ್‌ನಲ್ಲಿ ಕಂಡ ನೆಚ್ಚಿನ ಪಾತ್ರವನ್ನು ನೋಡಿಕೊಂಡು ಬಿಡಿಸುತ್ತಾರೆ. ಆ ಒಂದು ಮುಖವೇನೋ ಚೆನ್ನಾಗಿಯೇ ಬರುತ್ತದೆ. ಅದೇ ಪಾತ್ರ ಕತ್ತು ತಿರುಗಿಸಬೇಕು, ಕೆಳಗೆ ಕೂರಬೇಕು ಎಂದಾಗ ಕೈ ಓಡುವುದಿಲ್ಲ. ನಿಜವಾದ ಮನುಷ್ಯರನ್ನು ನೋಡಿ ಬಿಡಿಸಿದವರಿಗೆ ಈ ತೊಂದರೆ ಕಡಿಮೆ. ಜಪಾನಿನ ಚಿತ್ರಕಾರ ಹೊಕುಸಾಯ್ 1814ರಿಂದ ಹೊರತಂದ ‘ಹೊಕುಸಾಯ್ ಮಾಂಗಾ’ ಸಂಪುಟಗಳ ತುಂಬ ಇರುವುದು ದುಡಿಯುವ ಜನ, ಕುಸ್ತಿಪಟುಗಳು, ಹಕ್ಕಿ, ಮೀನು. ಚಿಕ್ಕಬಳ್ಳಾಪುರದವರು ನಮ್ಮ ಹೂವಿನ ಮಾರುಕಟ್ಟೆಯಿಂದಲೇ ಶುರು ಮಾಡಬಹುದು.

ಎ4 ಹಾಳೆ, ಎಚ್‌ಬಿ ಪೆನ್ಸಿಲ್, ರಬ್ಬರ್, ಸಣ್ಣ ಮೊನೆಯದೊಂದು ಮತ್ತು ದಪ್ಪ ಮೊನೆಯದೊಂದು ಕಪ್ಪು ಪೆನ್ ಇದ್ದರೆ ಸಾಕು. ಶಾಯಿಯಲ್ಲಿ ಅದ್ದಿ ಬಿಡಿಸುವ ಜಿ-ಪೆನ್ ನಿಬ್ಬು, ಚಿತ್ರ ಬಿಡಿಸುವ ಟ್ಯಾಬ್ಲೆಟ್ಟುಗಳಿಗೆ ಈಗಲೇ ದುಡ್ಡು ಹಾಕಬೇಡಿ.

ಮೊದಲು ಮುಖ

ಪೆನ್ಸಿಲ್ ಒತ್ತದೆ ಒಂದು ವೃತ್ತ ಹಾಕಿ. ನಡುವೆ ಒಂದು ನಿಲುವು ಗೆರೆ ಎಳೆದು ವೃತ್ತದ ಕೆಳಗೂ ಸ್ವಲ್ಪ ಇಳಿಸಿ. ಅದು ಮುಗಿಯುವಲ್ಲಿ ಗದ್ದ. ವೃತ್ತದ ಎರಡೂ ಬದಿಯಿಂದ ಗದ್ದಕ್ಕೆ ದವಡೆಯ ಗೆರೆ ಸೇರಿಸಿ. ನೆತ್ತಿಯಿಂದ ಗದ್ದದವರೆಗಿನ ಎತ್ತರದ ಅರ್ಧಕ್ಕೆ, ಇಲ್ಲವೇ ತುಸು ಕೆಳಗೆ, ಕಣ್ಣಿನ ಗೆರೆ. ಕಣ್ಣನ್ನು ಹಣೆಗೆ ಏರಿಸಿಬಿಡುವುದು ಹೊಸಬರೆಲ್ಲರ ಅಭ್ಯಾಸ. ಕೂದಲಿಗೂ ಜಾಗ ಬೇಕಲ್ಲ! ಮುಖ ಪಕ್ಕಕ್ಕೆ ತಿರುಗಿದರೆ ನಿಲುವು ಗೆರೆಯೂ ಆ ಕಡೆಗೆ ಬಾಗುತ್ತದೆ. ಇದೊಂದು ಕೈಗೆ ಹತ್ತಿದರೆ ಯಾವ ಕೋನದ ಮುಖವೂ ಹೆದರಿಸುವುದಿಲ್ಲ.

ಕಣ್ಣಿಗೆ ಮಾತ್ರ ಧಾರಾಳವಾಗಿ ಸಮಯ ಕೊಡಿ. ಡಿಸ್ನಿ ಚಿತ್ರಗಳನ್ನು ಬಹಳ ಮೆಚ್ಚಿದ್ದ ಜಪಾನಿನ ಮಾಂಗಾ ಕಲಾವಿದ ಒಸಾಮು ತೆಜುಕಾ (1928–1989) ದೊಡ್ಡ ಕಣ್ಣುಗಳನ್ನು ಮಾಂಗಾದಲ್ಲಿ ಬೇರೂರಿಸಿದರು. ಪಾತ್ರದ ಮನಸ್ಸೆಲ್ಲ ಅಲ್ಲೇ ಕಾಣಬೇಕು. ಮೇಲಿನ ರೆಪ್ಪೆಗೆ ದಪ್ಪ ಗೆರೆ, ಕೆಳಗಿನದಕ್ಕೆ ತೆಳ್ಳನೆಯದು, ಅದನ್ನೂ ಪೂರ್ತಿ ಎಳೆಯದಿದ್ದರೆ ಇನ್ನೂ ಚೆಂದ. ಹೊಳಪಿನ ಬಿಳಿ ಚುಕ್ಕೆ ಎರಡೂ ಕಣ್ಣಲ್ಲಿ ಒಂದೇ ಕಡೆ ಇರಲಿ, ಏಕೆಂದರೆ ಬೆಳಕು ಬರುವುದು ಒಂದೇ ಕಡೆಯಿಂದ. ಆಮೇಲೆ ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಒಂದು ಕಣ್ಣು ಮೇಲೆ, ಒಂದು ಕೆಳಗೆ ಹೋಗಿದ್ದರೆ ತಕ್ಷಣ ಗೊತ್ತಾಗುತ್ತದೆ.

ಕೂದಲನ್ನು ಎಳೆ ಎಳೆಯಾಗಿ ಬಿಡಿಸಬೇಡಿ. ನೆತ್ತಿಯ ಸುಳಿಯಿಂದ ಹೊರಟ ನಾಲ್ಕೈದು ದೊಡ್ಡ ಗೊಂಚಲುಗಳೆಂದು ನೋಡಿ. ಜಡೆಯಾದರೆ ಒಂದರೊಳಗೊಂದು ಸೇರಿದ ಎಲೆಯಾಕಾರಗಳು ಸಾಕು. ಮುಡಿದ ಮಲ್ಲಿಗೆಯನ್ನು ಬಿಳಿಯಾಗಿಯೇ ಬಿಟ್ಟು ಸುತ್ತಲಿನ ಕೂದಲಿಗೆ ಕಪ್ಪು ತುಂಬಿ.

ದೇಹದ ಅಳತೆ ತಲೆಯ ಲೆಕ್ಕದಲ್ಲಿ. ಪುಟಾಣಿ ‘ಚಿಬಿ’ ಪಾತ್ರಕ್ಕೆ ಎರಡು ಮೂರು ತಲೆಯೆತ್ತರ, ದೊಡ್ಡವರಿಗೆ ಆರೂವರೆ, ಏಳು. ಮಾರುಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹೂ ಕಟ್ಟುವವರನ್ನು ಕಡ್ಡಿ ಗೆರೆಗಳಲ್ಲೇ ಬೇಗಬೇಗ ಹಿಡಿಯಿರಿ. ಬೆನ್ನು ಎಷ್ಟು ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ ಎಂಬುದಷ್ಟೇ ಮುಖ್ಯ, ಮುಖ ಬೇಡ.

ಶಾಯಿ ಮತ್ತು ಹಿನ್ನೆಲೆ

ಪೆನ್ನಿನ ಗೆರೆ ರಂಗೋಲಿಯ ಎಳೆಯಂತೆ ಒಂದೇ ಉಸಿರಿನಲ್ಲಿ ಬರಬೇಕು. ಬೆರಳಿನಿಂದಲ್ಲ, ಮೊಣಕೈಯಿಂದ ಎಳೆಯಿರಿ. ಕೈಗೆ ಅನುಕೂಲವಾಗುವಂತೆ ಹಾಳೆಯನ್ನು ತಿರುಗಿಸಿಕೊಳ್ಳಿ. ಹೊರಗಿನ ಗೆರೆ ದಪ್ಪ, ಒಳಗಿನ ಮಡಿಕೆಗಳು ತೆಳು. ಶಾಯಿ ಪೂರ್ತಿ ಒಣಗುವ ಮೊದಲು ರಬ್ಬರ್ ಮುಟ್ಟಬೇಡಿ.

ಹಿನ್ನೆಲೆ ಕಲಿಯಲು ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಗಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಒಂದು ಬದಿಯಲ್ಲಿ ನಿಂತು ಮೆಟ್ಟಿಲ ಸಾಲು ನೋಡಿ: ನಿಮ್ಮಿಂದ ದೂರ ಓಡುವ ಗೆರೆಗಳೆಲ್ಲ ಕಣ್ಣಿನ ಮಟ್ಟದ ಒಂದೇ ಬಿಂದುವಿನತ್ತ ಸಾಗುತ್ತವೆ. ಆ ಬಿಂದುವನ್ನು ಹಾಳೆಯಲ್ಲಿ ಮೊದಲು ಗುರುತಿಸಿ, ಸ್ಕೇಲಿನಿಂದ ಗೆರೆಗಳನ್ನು ಅಲ್ಲಿಗೆ ಎಳೆಯಿರಿ. 1,478 ಮೀಟರ್ ಎತ್ತರದ ನಂದಿ ಬೆಟ್ಟ ಮಂಜಿನಲ್ಲಿದ್ದಾಗ ಬುಡದ ಗೆರೆಯನ್ನು ಬಿಟ್ಟು ತುದಿಯನ್ನಷ್ಟೇ ಎಳೆದರೆ ಮಂಜು ತಾನಾಗಿಯೇ ಕಾಣುತ್ತದೆ.

ಕೊನೆಗೆ ನಾಲ್ಕು ಚೌಕದ ಕತೆ

ಜಪಾನಿನಲ್ಲಿ ಇದಕ್ಕೆ ‘ಯೊಂಕೊಮಾ’ ಎನ್ನುತ್ತಾರೆ. ಚೌಕಕ್ಕೊಂದರಂತೆ ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ. ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿ ಶಿಡ್ಲಘಟ್ಟದ ಬಸ್ಸಿಗೆ ಕಾಯುತ್ತಿದ್ದಾಳೆ. ಬಸ್ಸು ಬಂತು, ಹುಡುಗರೆಲ್ಲ ಬಾಗಿಲಿಗೆ ಮುಗಿಬಿದ್ದರು. ಅಜ್ಜಿ ಕಿಟಕಿಯಿಂದ ಟವೆಲ್ ಎಸೆದಳು. ಇಲ್ಲಿ ವೇಗದ ಗೆರೆಗಳೆಲ್ಲ ಟವೆಲ್ಲಿನತ್ತ ನುಗ್ಗಲಿ, ‘ಸುಯ್ಯ್’ ಎಂಬುದು ದಪ್ಪಕ್ಷರದಲ್ಲಿರಲಿ. ನಾಲ್ಕನೆಯದರಲ್ಲಿ ಅಜ್ಜಿ ಆರಾಮಾಗಿ ಕೂತಿದ್ದಾಳೆ, ಹುಡುಗರು ಕಂಬಿ ಹಿಡಿದು ನಿಂತಿದ್ದಾರೆ.

ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು. ನಾವು ಕನ್ನಡದಲ್ಲಿ ಬರೆಯುವಾಗ ಎಡದಿಂದಲೇ ಸಾಗಬೇಕು, ಇಲ್ಲದಿದ್ದರೆ ಓದುಗರು ತಡವರಿಸುತ್ತಾರೆ. ಮಾತಿನ ಗುಳ್ಳೆಯೂ ಹಾಗೆಯೇ. ಜಪಾನಿ ಅಕ್ಷರಗಳು ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಅವರ ಗುಳ್ಳೆ ಉದ್ದಕ್ಕಿರುತ್ತದೆ. ನಮ್ಮ ಪದಗಳು ಅಡ್ಡಕ್ಕೆ ಹರಡುತ್ತವೆ, ಒತ್ತಕ್ಷರಗಳು ಕೆಳಗೆ ಜೋತುಬೀಳುತ್ತವೆ. ಅದಕ್ಕೇ ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಗುಳ್ಳೆ ಎಳೆಯಿರಿ.