ಪ್ರೋಟೀನಿಗೆ ಔಷಧ ಹುಡುಕುವಾಗ ಗಣನೆಯನ್ನೂ ಪ್ರಯೋಗವನ್ನೂ ಜೋಡಿಸುವ ಬಗೆ

ಪುಣೆಯ ಪಾಷಾಣ್ ಬಡಾವಣೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವೂ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಯ ಐಸರ್ ಸಂಸ್ಥೆಯೂ ಅಕ್ಕಪಕ್ಕದಲ್ಲಿವೆ. 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರನ್ನು ರೂಪಿಸಿದ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಕೂಡ ಇದೇ ಊರಿನದು. ಬೆಳಗಾವಿ, ವಿಜಯಪುರಗಳಿಂದ ಇಲ್ಲಿಗೆ ಸಂಶೋಧನೆಗೆಂದು ಬರುವ ನಮ್ಮ ವಿದ್ಯಾರ್ಥಿಗಳು ಔಷಧದ ಅಣುಗಳನ್ನು ಕಂಪ್ಯೂಟರಿನಲ್ಲಿ ಹುಡುಕುವ ಗಣನೆಯನ್ನೆಲ್ಲ ಮುಗಿಸಿ ಆಮೇಲೆ ಪ್ರಯೋಗಾಲಯವನ್ನು ಹುಡುಕುವುದು ಸರಿಯಾದ ಕ್ರಮವಲ್ಲ. ಯಾವ ಪ್ರೋಟೀನನ್ನು ತಯಾರಿಸಬಹುದು, ಅದರ ಚಟುವಟಿಕೆಯನ್ನು ಹೇಗೆ ಅಳೆಯಬಹುದು ಎಂಬುದನ್ನು ಪ್ರಯೋಗ ಮಾಡುವವರೊಡನೆ ಕುಳಿತು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಅಭ್ಯಾಸಕ್ಕೆ ಎಚ್‌ಐವಿ ವೈರಸ್ಸಿನ ಪ್ರೋಟಿಯೇಸ್ ಎಂಬ ಕಿಣ್ವ ಯೋಗ್ಯವಾದುದು. ಇದರ ರಚನೆ 1989ರಲ್ಲೇ ಬೆಳಕಿಗೆ ಬಂದಿದ್ದು, ಅದರ ಕೆಲಸವನ್ನು ತಡೆಯುವ ಪ್ರತಿಬಂಧಕ ಅಣು ಕೂಡಿಕೊಂಡಿರುವ ಹಲವು ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಅಂತರ್ಜಾಲ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಸುಮಾರು 2 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಸ್ಪಷ್ಟತೆಯ ಅಥವಾ ಅದಕ್ಕಿಂತ ಸ್ಪಷ್ಟವಾದುದನ್ನು ಆರಿಸಿಕೊಳ್ಳಿ. ಪ್ರಯೋಗದಿಂದ ಪಡೆದ ರಚನೆಯಿಲ್ಲದ ಪ್ರೋಟೀನಿಗೆ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ತಂತ್ರಾಂಶದ ಮಾದರಿಯನ್ನು ಬಳಸಬಹುದಾದರೂ, ಔಷಧ ಕೂರುವ ಕುಳಿಯ ಸುತ್ತ ಅದರ ವಿಶ್ವಾಸಾಂಕ ನೂರಕ್ಕೆ 70ಕ್ಕಿಂತ ಕೆಳಗಿದ್ದರೆ ಅದನ್ನು ನೆಚ್ಚಬಾರದು.

ಮುಂದಿನ ಹಂತದಲ್ಲಿ ಅವಸರ ಸಲ್ಲದು. ಎಕ್ಸ್-ಕಿರಣ ರಚನೆಯಲ್ಲಿ ಹೈಡ್ರೋಜನ್‌ಗಳು ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ ಅವನ್ನು ನಾವೇ ಸೇರಿಸಬೇಕು; ಈ ಕಿಣ್ವದ ಎರಡು ಸರಪಣಿಗಳಲ್ಲೂ 25ನೆಯ ಸ್ಥಾನದಲ್ಲಿರುವ ಆಸ್ಪಾರ್ಟಿಕ್ ಆಮ್ಲಗಳಲ್ಲಿ ಯಾವುದಕ್ಕೆ ಪ್ರೋಟಾನ್ ಕೊಡುತ್ತೇವೆ ಎಂಬುದರ ಮೇಲೆಯೇ ಫಲಿತಾಂಶ ಬದಲಾಗಬಲ್ಲದು. ಬಳಿಕ, ರಚನೆಯಲ್ಲಿದ್ದ ಪ್ರತಿಬಂಧಕವನ್ನೇ ಹೊರತೆಗೆದು ಆಟೋಡಾಕ್ ವೀನಾದಂತಹ ಉಚಿತ ತಂತ್ರಾಂಶದಿಂದ ಮತ್ತೆ ಕೂರಿಸಿ ನೋಡಿ. ಅದು ಮೂಲ ಭಂಗಿಯಿಂದ 2 ಆಂಗ್‌ಸ್ಟ್ರಾಂ ಒಳಗೆ ಬಾರದಿದ್ದರೆ ಹೊಸ ಅಣುಗಳಿಗೆ ಕೈಹಾಕಬೇಡಿ.

ಹೊಸ ಅಣುಗಳನ್ನು ಹೀಗೆ ಕುಳಿಯಲ್ಲಿ ಕೂರಿಸಿ ನೋಡುವ ಡಾಕಿಂಗ್ ಕೊಡುವ ಅಂಕ ನಿಜವಾದ ಬಂಧನಶಕ್ತಿಯಲ್ಲ. ಆದ್ದರಿಂದ ಮೊದಲ ಸ್ಥಾನಗಳಲ್ಲಿರುವವನ್ನಷ್ಟೇ ತರಿಸದೆ, ಬೇರೆ ಬೇರೆ ರಾಸಾಯನಿಕ ಕುಲಗಳ ಅಣುಗಳನ್ನೂ, ಕಡಿಮೆ ಅಂಕ ಪಡೆದ ಕೆಲವನ್ನೂ ಪಟ್ಟಿಗೆ ಸೇರಿಸಿ. ಗಣನೆಗೆ ನಿಜಕ್ಕೂ ಆರಿಸುವ ಶಕ್ತಿಯಿದೆಯೇ ಎಂಬುದು ಆಗಲೇ ತಿಳಿಯುವುದು. ಪ್ರತಿ ಅಣುವಿನ ಬಗೆಗಿನ ನಿರೀಕ್ಷೆಯನ್ನು ಪ್ರಯೋಗಕ್ಕೆ ಮೊದಲೇ ದಾಖಲಿಸಿಡಿ.

ಕಿಣ್ವದ ಪರೀಕ್ಷೆಯಲ್ಲಿ ದ್ರಾವಕವಾದ ಡಿಎಂಎಸ್‌ಒ ಮಾತ್ರವಿರುವ ಮಾದರಿಯೂ, ಈಗಾಗಲೇ ಗೊತ್ತಿರುವ ಪ್ರತಿಬಂಧಕವೂ ಇರಲೇಬೇಕು. ಹಲವು ಅಣುಗಳು ನೀರಿನಲ್ಲಿ ಗುಂಪುಗೂಡಿ, ಕಿಣ್ವವನ್ನು ತಮಗೆ ಅಂಟಿಸಿಕೊಂಡು, ಪ್ರತಿಬಂಧಕದ ವೇಷ ತೊಡುತ್ತವೆ. ಶೇ. 0.01ರಷ್ಟು ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕವನ್ನು ಸೇರಿಸಿದಾಗ ಪರಿಣಾಮ ಮಾಯವಾದರೆ ಆ ಅಣುವನ್ನು ಕೈಬಿಡುವುದೇ ಒಳಿತು.

ಉಳಿದವುಗಳಲ್ಲಿ ಒಂದಾದರೂ ಪ್ರೋಟೀನಿನೊಡನೆ ಹರಳಾಗಿ ರಚನೆ ದೊರೆತರೆ ಅದನ್ನು ಊಹಿಸಿದ ಭಂಗಿಯ ಮೇಲಿಟ್ಟು ನೋಡಿ. ಎರಡೂ ಹೊಂದದಿದ್ದಲ್ಲಿ ಹೈಡ್ರೋಜನ್ ಸೇರಿಸಿದ ಹಂತಕ್ಕೆ ಮರಳಿ, ಪ್ರೋಟಾನಿನ ಸ್ಥಾನವನ್ನೂ ಕುಳಿಯೊಳಗಿನ ನೀರಿನ ಅಣುಗಳನ್ನೂ ಮೊದಲಿನಿಂದ ಪರಿಶೀಲಿಸಬೇಕು.