740 ಗ್ರಾಂ ಡೌನ್ ಕ್ವಿಲ್ಟ್: ಅಮ್ಮನ ಮಿಶಿನ್‌ನಲ್ಲಿ ಹೊಲಿದದ್ದು

ಉತ್ತರಾಖಂಡದ ಕೇದಾರಕಂಠ ಚಾರಣದ ದಾರಿಯ ಜುಡಾ ಕಾ ತಾಲಾಬ್ ಕ್ಯಾಂಪಿನಲ್ಲಿ ಬೆಳಗಿನ ಐದೂವರೆಗೆ ಟೆಂಟಿನೊಳಗೇ ಮೈನಸ್ 6 ಇತ್ತು. ತಲೆಹತ್ತಿರದ ನೀರಿನ ಬಾಟಲಿ ಗಟ್ಟಿಯಾಗಿತ್ತು. ನಾನು ಬೆಚ್ಚಗಿದ್ದೆ, ಅದೂ ಬೆನ್ನ ಕಡೆ ಬಟ್ಟೆಯೇ ಇಲ್ಲದ ಕ್ವಿಲ್ಟ್‌ನಲ್ಲಿ, ಅಂದರೆ ಸ್ಲೀಪಿಂಗ್ ಬ್ಯಾಗಿನ ಬದಲು ಹೊದೆಯುವ ರಜಾಯಿಯಲ್ಲಿ. "ಜಿಪ್ ಇಲ್ಲ, ಟೋಪಿ ಇಲ್ಲ, ಬೆನ್ನೂ ಇಲ್ಲ. ಇದನ್ನ ನಂಬ್ಕೊಂಡು ಕೇದಾರಕಂಠ ಹತ್ತುತ್ತೀಯಾ?" ಎಂದು ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಲ್ಲಿ ಗೆಳೆಯರು ಕೇಳಿದ್ದರು. ಡೌನ್ ಅಂದರೆ ಬಾತು, ಹೆಬ್ಬಾತುಗಳ ಮೆತ್ತನೆಯ ಒಳಪುಕ್ಕ; ಉಬ್ಬಿ ಗಾಳಿ ಹಿಡಿದಿಟ್ಟಾಗಲೇ ಅದು ಬೆಚ್ಚಗಿಡುತ್ತದೆ, ಮೈಯಡಿ ಅಮುಕಿಹೋದರೆ ಇಲ್ಲ. ಹಾಗಿದ್ದ ಮೇಲೆ ಆ ತೂಕ ಹೊರುವುದೇಕೆ? ಕೆಳಗೆ ಎರಡು ಮ್ಯಾಟ್ ಹಾಸಿದ್ದೆ, ಅಷ್ಟೇ.

ನಾನು ಹೊಲಿದ ಮೊದಲ ಕ್ವಿಲ್ಟ್ ಪೂರ್ತಿ ಸೋತಿತ್ತು. ಎರಡು ಹಳೇ ಜಾಕೆಟ್ ಬಿಚ್ಚಿ ಡೌನ್ ತೆಗೆದು, ಮೇಲಿನ ಬಟ್ಟೆಗೂ ಕೆಳಗಿನದಕ್ಕೂ ಸೇರಿಸಿ ನೇರ ಹೊಲಿಗೆ ಹಾಕಿದ್ದೆ. ಉತ್ತರಾಖಂಡದ್ದೇ ಚೋಪ್ಟಾದಲ್ಲಿ ಮಲಗಿದಾಗ, ಡೌನ್‌ಗೆ ಜಾಗವೇ ಇಲ್ಲದ ಹೊಲಿಗೆ ಇದ್ದಲ್ಲೆಲ್ಲ ಗೆರೆ ಎಳೆದ ಹಾಗೆ ಚಳಿ ಇಳಿಯಿತು. ರಾತ್ರಿಯಿಡೀ ಕೂತೇ ಕಳೆದೆ. ಸಾಲದ್ದಕ್ಕೆ 14ನೇ ನಂಬರ್ ಸೂಜಿಯ ತೂತುಗಳಿಂದ ಡೌನ್ ಹೊರಬರುತ್ತಿತ್ತು. ನಾಲ್ಕೂವರೆ ಸಾವಿರ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ನಡುವೆ ಬೂರುಗದ ಹತ್ತಿಯನ್ನೂ ನೋಡಿದೆ. ಅಜ್ಜಿಯ ಹಳೇ ದಿಂಬಿನದು, ಬಲು ಹಗುರ, ಬೆಚ್ಚಗೂ ಇರುತ್ತದೆ. ಆದರೆ ಚೀಲದಲ್ಲಿ ಒಂದು ದಿನ ಅದುಮಿಟ್ಟರೆ ಮತ್ತೆ ಉಬ್ಬಲಿಲ್ಲ. ದಿಂಬಿಗೇ ಸರಿ.

ಎರಡನೆಯದಕ್ಕೆ ಅಡ್ಡಲಾಗಿ 13 ಕೋಣೆ. ಒಂದೊಂದೂ ಸುಮಾರು 6 ಇಂಚು ಅಗಲ, 54 ಇಂಚು ಉದ್ದ, ಎರಡೂವರೆ ಇಂಚು ಎತ್ತರ. ಮೇಲಿನ ಬಟ್ಟೆಗೂ ಕೆಳಗಿನದಕ್ಕೂ ನಡುವೆ ಗೋಡೆಗಳಾಗಿ ಸೊಳ್ಳೆಪರದೆಯ ಪಟ್ಟಿ. 800 ಫಿಲ್ ಪವರ್‌ನ (ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ, ಉಬ್ಬಿ 800 ಘನ ಇಂಚು ತುಂಬುವ) ಡೌನ್ ಲೆಕ್ಕಕ್ಕೆ ಕೋಣೆಗೆ 28 ಗ್ರಾಂ ಸಾಕು. ನಾನು 35ರ ಹತ್ತಿರ ತುಂಬಿದೆ. ಆ ಹೆಚ್ಚಿನ ಏಳು ಗ್ರಾಮೇ ಮೈನಸ್ 6ರಲ್ಲಿ ನನ್ನನ್ನು ಕಾಪಾಡಿದ್ದು, ಅದರಲ್ಲಿ ಜಿಪುಣತನ ಬೇಡ. ಸೂಜಿ ಈ ಸಲ 9ನೇ ನಂಬರ್. ಬಟ್ಟೆ ಜಾರುತ್ತದೆ, ಮಿಶಿನ್ ಎಳೆಯುವುದಿಲ್ಲ ಎಂದು ನಮ್ಮ ಬೀದಿಯ ಟೈಲರ್ ವಾಪಸ್ ಕೊಟ್ಟಿದ್ದರು. ಅಮ್ಮನ ಕಾಲ್ತುಳಿತದ ಮಿಶಿನ್‌ನಲ್ಲೇ ಅಷ್ಟೂ ಹೊಲಿದೆ, ಒಂದು ಕಡೆಯೂ ಸುಕ್ಕಿಲ್ಲ. ಜಾರದಂತೆ ಏನು ಮಾಡಿದೆ ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ತುಂಬಿದ್ದು ಬಚ್ಚಲುಮನೆಯಲ್ಲಿ, ಬಾಗಿಲು ಹಾಕಿ, ಗೋಡೆ ನೆಲ ಒದ್ದೆ ಮಾಡಿ. ಹಾರಿದ ಡೌನ್ ಅಲ್ಲೇ ಅಂಟುತ್ತದೆ. ಡೌನ್ ತೂಗಿ ಪಿವಿಸಿ ಪೈಪಿಗೆ ತುರುಕಿ, ಕೋಣೆಯೊಳಗೆ ಕೋಲಿನಿಂದ ದೂಡಿದೆ. ಎರಡು ರಾತ್ರಿ ಹಿಡಿಯಿತು.

ಖರ್ಚು: ಡೌನ್ ಹತ್ತು ಸಾವಿರ, ಬಟ್ಟೆ ನಾಲ್ಕು, ಸುಂಕ ಸಾಗಣೆ ಸೇರಿ ಮೂರು. ಇದೇ ತೂಕದ ರೆಡಿಮೇಡ್ ನಾನು ವಿಚಾರಿಸಿದಾಗ ಮೂವತ್ತರ ಮೇಲಿತ್ತು.

ಒಂದು ಕೊರತೆ ಇದೆ. ಮೂರನೇ ರಾತ್ರಿಗೆ ಟೆಂಟಿನ ಗೋಡೆಗೆ ತಾಗಿ ಕಾಲಿನ ಕಡೆಯ ಎರಡು ಕೋಣೆ ಒದ್ದೆಯಾಗಿ ಗಂಟು ಕಟ್ಟಿದ್ದವು. ಮನೆಗೆ ತಂದು ತೂಗಿದಾಗ 780 ಗ್ರಾಂ. ಎರಡು ದಿನ ಫ್ಯಾನಿನಡಿ ಹರಡಿದ ಮೇಲೆ ಮತ್ತೆ 740. ಮುಂದಿನ ಚಳಿಗಾಲದೊಳಗೆ ಆ ತುದಿಗೆ ನೀರು ಹಿಡಿಯದ ಬಟ್ಟೆಯ ಗವಸು ಹೊಲಿಯುತ್ತಿದ್ದೇನೆ.